ನೋವೇ ಗೊತ್ತಾಗದ ಪಾದಗಳು

ಕುಷ್ಠರೋಗ ಬಂದರೆ ಬೆರಳು ಕೊಳೆತು ಉದುರಿಹೋಗುತ್ತದೆ ಅಂತ ನಮ್ಮಲ್ಲಿ ಬಹಳ ಜನ ಇವತ್ತಿಗೂ ನಂಬಿದ್ದಾರೆ. ಹಾಗೇನೂ ಆಗುವುದಿಲ್ಲ. ಈ ರೋಗಾಣು ಬೆರಳನ್ನು ತಿನ್ನುವುದಿಲ್ಲ. ಅದು ಸೇರಿಕೊಳ್ಳುವುದು ಚರ್ಮದಲ್ಲಿ, ನರಗಳಲ್ಲಿ. ನರ ಸತ್ತರೆ ನೋವು ಹೋಗುತ್ತದೆ. ನೋವು ಹೋದ ಮೇಲೆ ಬೆರಳು ಹೋಗುವುದಕ್ಕೆ ದೊಡ್ಡ ಕಾರಣವೇನೂ ಬೇಕಾಗಿಲ್ಲ. ಒಲೆ ಮೇಲಿನ ಬಿಸಿ ಪಾತ್ರೆ ಸಾಕು. ಚಪ್ಪಲಿ ತೂರಿ ಬಂದ ಒಂದು ಮೊಳೆ ಸಾಕು.

ಇದನ್ನು ಜಗತ್ತಿಗೆ ಮನದಟ್ಟು ಮಾಡಿಸಿದವರಲ್ಲಿ ಡಾಕ್ಟರ್ ಪಾಲ್ ಬ್ರಾಂಡ್ ಮುಖ್ಯರು. ಅವರು ಹುಟ್ಟಿದ್ದು 1914ರಲ್ಲಿ, ತಮಿಳುನಾಡಿನ ಕೊಲ್ಲಿಮಲೆಯಲ್ಲಿ. ಅಪ್ಪ ಅಮ್ಮ ಇಂಗ್ಲೆಂಡಿನಿಂದ ಬಂದ ಮಿಶನರಿಗಳು. ಹುಡುಗನನ್ನು ಓದಿಗೆಂದು ಇಂಗ್ಲೆಂಡಿಗೆ ಕಳಿಸಿದರು. ಅವನು ಅಲ್ಲಿದ್ದಾಗಲೇ ಇಲ್ಲಿ ಅಪ್ಪ ಮಲೇರಿಯಾ ಉಲ್ಬಣಿಸಿ ತೀರಿಕೊಂಡರು. ಅಮ್ಮ ಮಾತ್ರ ಮುಂದೆ ಎಷ್ಟೋ ವರ್ಷ ಇದೇ ಬೆಟ್ಟಗಳಲ್ಲಿ ಜನರ ನಡುವೆ ಇದ್ದು, ಮುದುಕಿಯಾಗಿ, ಇಲ್ಲೇ ಮಣ್ಣಾದರು. ಮಗ ಲಂಡನ್ನಿನಲ್ಲಿ ಸರ್ಜನ್ ಆಗಿ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕೋಲಾರ, ಬೆಂಗಳೂರು ಕಡೆಯವರಿಗೆ ವೆಲ್ಲೂರು ಅಂದರೆ ಆಸ್ಪತ್ರೆಯೇ ಅಲ್ವಾ? ಕಾಟ್ಪಾಡಿಯಲ್ಲಿ ರೈಲು ಇಳಿದು, ಎಕ್ಸ್‌ರೇ ಕವರನ್ನು ಎದೆಗೆ ಅವುಚಿಕೊಂಡು ಆಟೋ ಹುಡುಕುವವರಲ್ಲಿ ಕನ್ನಡ ಮಾತಾಡುವವರು ಯಾವಾಗಲೂ ಇರುತ್ತಾರೆ.

ಬ್ರಾಂಡ್ ಬಂದ ಸ್ವಲ್ಪ ದಿನಕ್ಕೆ, ರಾಬರ್ಟ್ ಕಾಕ್ರೇನ್ ಅನ್ನುವ ಡಾಕ್ಟರು ಅವರನ್ನು ಚೆಂಗಲ್ಪಟ್ಟಿನ ಕುಷ್ಠರೋಗ ಆಸ್ಪತ್ರೆಗೆ ಕರೆದುಕೊಂಡು ಹೋದರು. ಎಲ್ಲಿ ನೋಡಿದರೂ ಮಡಚಿಕೊಂಡ ಬೆರಳುಗಳು. ಮೂಳೆ ಸರ್ಜನ್ ಆಗಿದ್ದವರು ಕೈಗಳನ್ನೇ ನೋಡುತ್ತಾ ಹೋದರು. ಒಬ್ಬನ ಕೈ ಹಿಡಿದು, ನಿನ್ನ ಕೈಲಾದಷ್ಟು ಗಟ್ಟಿಯಾಗಿ ಹಿಡಿ ನೋಡೋಣ ಅಂದರು. ಆ ಸೊಟ್ಟ ಕೈ ಎಷ್ಟು ಬಲವಾಗಿ ಅಮುಕಿತು ಅಂದರೆ ಡಾಕ್ಟರಿಗೇ ನೋವಾಯಿತು. ಅಂದರೆ ಆ ಕೈಯಲ್ಲಿ ಒಳ್ಳೆಯ ಮಾಂಸಖಂಡ ಇನ್ನೂ ಉಳಿದಿದೆ. ಹಿಡಿದವನಿಗೆ ಮಾತ್ರ ತಾನು ಎಷ್ಟು ಜೋರಾಗಿ ಅಮುಕುತ್ತಿದ್ದೇನೆ ಅನ್ನುವುದೇ ಗೊತ್ತಾಗುತ್ತಿಲ್ಲ. ಅಲ್ಲಿಂದ ಅವರ ಹುಡುಕಾಟ ಶುರುವಾಯಿತು. ಒಬ್ಬ ಹುಡುಗ ತುಕ್ಕು ಹಿಡಿದ ಬೀಗವನ್ನು ಬರಿಗೈಯಲ್ಲಿ ತಿರುಗಿಸಿ ತೆಗೆದ. ಬೆರಳು ಮೂಳೆ ಕಾಣುವಷ್ಟು ಸೀಳಿತ್ತು. ಅವನಿಗೆ ಅದರ ಅರಿವೇ ಇರಲಿಲ್ಲ. ಕೆಲವರ ಬೆರಳಿನ ತುಂಡು ರಾತ್ರೋರಾತ್ರಿ ಕಾಣೆಯಾಗುತ್ತಿತ್ತು. ಕೊನೆಗೆ ರಾತ್ರಿಯಿಡೀ ಕಾವಲು ಕೂತು ನೋಡಿದರೆ, ಮಲಗಿದವನ ಕೈ ಹತ್ತಿರ ಇಲಿ ಬಂದು ಬೆರಳನ್ನು ಕಡಿಯುತ್ತಿದೆ. ಅವನು ಹಾಗೇ ನಿದ್ದೆ ಮಾಡುತ್ತಿದ್ದಾನೆ. ಆಮೇಲೆ ಅಲ್ಲಿಂದ ಮನೆಗೆ ಹೋಗುವವರಿಗೆ ಔಷಧದ ಜೊತೆ ಒಂದು ಬೆಕ್ಕನ್ನೂ ಕೊಟ್ಟು ಕಳಿಸುತ್ತಿದ್ದರಂತೆ.

ಈ ಇಲಿಯ ಸಂಗತಿ ಓದಿದ ದಿನದಿಂದ ನನ್ನ ತಲೆಯಿಂದ ಹೋಗಿಲ್ಲ. ನಮ್ಮ ವಿಶ್ವಾಸದ ಬಗ್ಗೆ, ಈ ಲೋಕದ ಸಂಕಟದ ಬಗ್ಗೆ ಯೋಚಿಸುವಾಗೆಲ್ಲ ಅದು ಬಂದು ಎದುರು ನಿಲ್ಲುತ್ತದೆ.

ಬ್ರಾಂಡ್ ಹೇಳುತ್ತಿದ್ದ ಇನ್ನೊಂದು ಘಟನೆ ಇದೆ. ಒಬ್ಬ ಯುವಕನನ್ನು ಪರೀಕ್ಷೆ ಮಾಡುತ್ತಾ, ಏನು ಚಿಕಿತ್ಸೆ ಮಾಡುತ್ತೇವೆ ಅಂತ ವಿವರಿಸುತ್ತಾ, ಸಹಜವಾಗಿ ಅವನ ಹೆಗಲ ಮೇಲೆ ಕೈಯಿಟ್ಟರು. ಅವನು ಬಿಕ್ಕಿ ಬಿಕ್ಕಿ ಅಳೋಕೆ ಶುರುಮಾಡಿದ. ನಾನೇನಾದರೂ ತಪ್ಪು ಮಾತು ಆಡಿದೆನಾ ಅಂತ ಡಾಕ್ಟರು ಗಾಬರಿಯಾಗಿ ಪಕ್ಕದಲ್ಲಿದ್ದವರನ್ನು ಕೇಳಿದರು. ತಪ್ಪೇನಿಲ್ಲ ಡಾಕ್ಟರ್, ನೀವು ಹೆಗಲ ಮೇಲೆ ಕೈಯಿಟ್ಟಿರಲ್ಲ, ಅದಕ್ಕೆ ಅಳುತ್ತಿದ್ದಾನೆ, ಇವನನ್ನು ಯಾರಾದರೂ ಮುಟ್ಟಿ ಎಷ್ಟೋ ವರ್ಷ ಆಗಿತ್ತಂತೆ ಅಂದರು.

ನಾನು ಕಥೋಲಿಕ ಮನೆಯಲ್ಲಿ ಬೆಳೆದವಳು. ಮಾರ್ಕನ ಶುಭಸಂದೇಶದ ಮೊದಲನೇ ಅಧ್ಯಾಯದ ಕುಷ್ಠರೋಗಿಯ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಅವನು ಬಂದು ಮೊಣಕಾಲೂರಿ, ನಿಮಗೆ ಮನಸ್ಸಿದ್ದರೆ ನನ್ನನ್ನು ಗುಣಪಡಿಸಬಲ್ಲಿರಿ ಅನ್ನುತ್ತಾನೆ. ಯೇಸು ಮರುಗುತ್ತಾರೆ, ಕೈಚಾಚುತ್ತಾರೆ, ಮುಟ್ಟುತ್ತಾರೆ. ನನಗೆ ಮನಸ್ಸಿದೆ, ಗುಣವಾಗು ಅನ್ನುತ್ತಾರೆ. ಇಷ್ಟೇ ಕಥೆ. ಆದರೆ ಮುಟ್ಟೋ ಅಗತ್ಯ ಏನಿತ್ತು? ಶತಾಧಿಪತಿ ಅನ್ನುವ ಸೇನಾಧಿಕಾರಿಯ ಆಳನ್ನು ಯೇಸು ನೋಡಲಿಕ್ಕೂ ಹೋಗಲಿಲ್ಲ, ದೂರದಿಂದಲೇ ವಾಸಿಮಾಡಿದರು. ಇಲ್ಲೂ ಒಂದು ಮಾತು ಸಾಕಿತ್ತು. ಮೋಶೆಯ ಕಾನೂನಿನ ಪ್ರಕಾರ ಅಂಥವನು ಊರಾಚೆ ಇರಬೇಕು. ಹರಿದ ಬಟ್ಟೆ ಹಾಕಿಕೊಂಡು, ನಾನು ಅಶುದ್ಧ, ನಾನು ಅಶುದ್ಧ ಅಂತ ಕೂಗುತ್ತಾ ತಿರುಗಬೇಕು. ಮುಟ್ಟಿದವರಿಗೂ ಮೈಲಿಗೆ. ಯೇಸು ಮೊದಲು ಗುಣಪಡಿಸಿ ಆಮೇಲೆ ಮುಟ್ಟಿದ್ದಲ್ಲ. ರೋಗ ಮೈಮೇಲೆ ಇದ್ದಾಗಲೇ ಮುಟ್ಟಿದರು.

ಈ ಕಥೆಯ ಕೊನೆಯ ಸಾಲನ್ನು ಪ್ರಸಂಗಗಳಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಯಾರಿಗೂ ಹೇಳಬೇಡ ಅಂದರೂ ಗುಣವಾದವನು ಊರೆಲ್ಲ ಸಾರಿಕೊಂಡು ಬಂದ. ಅದರಿಂದ ಯೇಸುವಿಗೆ ಊರೊಳಗೆ ಬಹಿರಂಗವಾಗಿ ಹೋಗಲಿಕ್ಕೆ ಆಗದೆ, ಹೊರಗೆ ನಿರ್ಜನ ಜಾಗಗಳಲ್ಲಿ ಇರಬೇಕಾಯಿತು ಅಂತ ಮಾರ್ಕ ಬರೆಯುತ್ತಾನೆ. ಹೊರಗಿದ್ದವನು ಒಳಗೆ ಬಂದ. ಒಳಗಿದ್ದವರು ಹೊರಗೆ ಹೋದರು. ಜಾಗ ಅದಲುಬದಲಾಯಿತು. ನನ್ನ ಮಟ್ಟಿಗೆ ಇಡೀ ಶಿಲುಬೆಯ ಅರ್ಥ ಆ ಒಂದು ಸಾಲಿನಲ್ಲೇ ಇದೆ.

ಬೆಲ್ಜಿಯಂನ ಫಾದರ್ ಡೇಮಿಯನ್ ಈ ಸಾಲನ್ನು ಅಕ್ಷರಶಃ ಬದುಕಿದವರು. ಹವಾಯಿಯಲ್ಲಿ ಕುಷ್ಠರೋಗ ಕಂಡವರನ್ನೆಲ್ಲ ಮೊಲೊಕಾಯ್ ದ್ವೀಪದ ಒಂದು ಮೂಲೆಗೆ ಸಾಗಿಸುವ ಕಾನೂನಿತ್ತು. ಒಂದು ಕಡೆ ಕಡಿದಾದ ಬೆಟ್ಟ, ಉಳಿದ ಕಡೆ ಸಮುದ್ರ. 1866ರಿಂದ 1969ರವರೆಗೆ ಸುಮಾರು 8,000 ಜನರನ್ನು ಅಲ್ಲಿಗೆ ಕಳಿಸಿದರು. ಡೇಮಿಯನ್ ಅಲ್ಲಿಗೆ ಹೋದದ್ದು 1873ರ ಮೇ ತಿಂಗಳಲ್ಲಿ. ಅದೇ ವರ್ಷ ನಾರ್ವೆಯಲ್ಲಿ ಹ್ಯಾನ್ಸೆನ್ ಈ ರೋಗದ ಬ್ಯಾಕ್ಟೀರಿಯಾವನ್ನು ಕಂಡುಹಿಡಿದದ್ದು. ಡೇಮಿಯನ್ ಗಾಯ ಕಟ್ಟಿದರು, ಮನೆ ಕಟ್ಟಿದರು, ಶವಪೆಟ್ಟಿಗೆ ಮಾಡಿದರು, ಗುಂಡಿ ತೋಡಿದರು, ಜನರ ಜೊತೆ ಒಂದೇ ಪಾತ್ರೆಯಲ್ಲಿ ಉಂಡರು. ಒಂದು ದಿನ ಕಾಲನ್ನು ಕುದಿಯುವಂಥ ನೀರಿಗೆ ಇಟ್ಟರು. ಬಿಸಿ ಗೊತ್ತಾಗಲೇ ಇಲ್ಲ. ತನಗೂ ರೋಗ ಬಂದಿದೆ ಅಂತ ಆಗ ಖಚಿತವಾಯಿತು. ಅದಾದ ಮೇಲೆ ಪ್ರಸಂಗದಲ್ಲಿ 'ಕುಷ್ಠರೋಗಿಗಳಾದ ನಾವು' ಅನ್ನೋಕೆ ಶುರುಮಾಡಿದರು ಅಂತ ಕಥೆ ಹೇಳುವುದುಂಟು. ನಿಜ ಇನ್ನೂ ದೊಡ್ಡದು. ದ್ವೀಪಕ್ಕೆ ಹೋದ ವರ್ಷವೇ, ಮೈಯಲ್ಲಿ ರೋಗದ ಗುರುತೇ ಇಲ್ಲದಿದ್ದಾಗಲೇ, ನಾನು ಇಲ್ಲಿ ಹಾಗೇ ಮಾತಾಡುತ್ತೇನೆ ಅಂತ ಅಣ್ಣನಿಗೆ ಪತ್ರ ಬರೆದಿದ್ದರು. 1889ರಲ್ಲಿ ತೀರಿಕೊಂಡರು. 2009ರಲ್ಲಿ ಸಂತ ಪದವಿ ಸಿಕ್ಕಿತು.

ನಮ್ಮ ಮಂಗಳೂರಿನಲ್ಲೂ ಅದೇ ಕಾಲದಲ್ಲಿ ಇಂಥದ್ದೊಂದು ಕೆಲಸ ನಡೆಯುತ್ತಿತ್ತು. ಜರ್ಮನಿಯಲ್ಲಿ ಹುಟ್ಟಿದ ಯೇಸುಸಭೆಯ ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡುತ್ತಾ ಶುರುಮಾಡಿದರು. 1890ರಲ್ಲಿ ಕುಷ್ಠರೋಗ ಬಂದವರಿಗೆ ಆಶ್ರಯ, ಪ್ಲೇಗ್ ಬಂದಾಗ ಅದಕ್ಕೂ ಆಸ್ಪತ್ರೆ. ಈಗ ಅದು ದೊಡ್ಡ ಮೆಡಿಕಲ್ ಕಾಲೇಜು.

ಸಂತರ ಕಥೆ ಹೇಳಿ ಸುಮ್ನೆ ಕೂರುವುದು ಸುಲಭ. ಆದರೆ ಮುಟ್ಟಿದ ಕ್ರೈಸ್ತ ಸಭೆಯೇ ಮುಟ್ಟಿಸಿಕೊಳ್ಳದೆ ದೂರ ಇಟ್ಟದ್ದೂ ಇದೆ. ಮಧ್ಯಯುಗದ ಯೂರೋಪಿನಲ್ಲಿ ಕುಷ್ಠರೋಗ ಬಂದವನನ್ನು ಊರಿಂದ ಬೇರ್ಪಡಿಸುವುದಕ್ಕೇ ಒಂದು ವಿಧಿ ಇತ್ತು. ಅದರಲ್ಲಿ ಅವನು ಬದುಕಿರುವಾಗಲೇ ಸತ್ತವನಿಗೆ ಓದುವ ಹಾಗೆ ಪ್ರಾರ್ಥನೆ ಓದುತ್ತಿದ್ದರು. ಅದು ಹಳೇ ಕಥೆ ಅಂತ ಬಿಡೋಣ ಅಂದರೆ, ತಿರುಚಿರಾಪಳ್ಳಿಯ ಒಂದು ಕ್ರೈಸ್ತ ಸಮಾಧಿ ಭೂಮಿಯಲ್ಲಿ ದಲಿತರ ಗೋರಿಗಳನ್ನು ಬೇರೆ ಮಾಡಲು ಗೋಡೆಯನ್ನೇ ಕಟ್ಟಿದ್ದರು. ಒಂದೇ ರೊಟ್ಟಿಯಲ್ಲಿ ಪಾಲು ತೆಗೆದುಕೊಂಡವರು ಸತ್ತ ಮೇಲೆ ಒಂದೇ ಮಣ್ಣಿನಲ್ಲಿ ಮಲಗಬಾರದು ಅಂದರೆ ಏನು ಅರ್ಥ? ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ಬರಲೇಬೇಕು.

ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೇ ಅಧ್ಯಾಯದಲ್ಲಿ, ನೀವೆಲ್ಲ ಒಂದೇ ದೇಹ, ಒಂದು ಅಂಗಕ್ಕೆ ನೋವಾದರೆ ಎಲ್ಲ ಅಂಗಗಳಿಗೂ ನೋವು ಅನ್ನುತ್ತಾನೆ. ಮುಂಚೆ ಇದನ್ನು ಒಂದು ಒಳ್ಳೆಯ ಮಾತು ಅಂತ ಕೇಳಿಸಿಕೊಳ್ಳುತ್ತಿದ್ದೆ. ಇಲಿಯ ಸಂಗತಿ ಗೊತ್ತಾದ ಮೇಲೆ ಅದು ಎಚ್ಚರಿಕೆಯ ಹಾಗೆ ಕೇಳುತ್ತದೆ. ಗಾಯ ಆಗಿದೆಯೋ ಇಲ್ಲವೋ ಅನ್ನುವುದು ಒಂದು ಪ್ರಶ್ನೆ. ಗಾಯ ಆದದ್ದು ಗೊತ್ತಾಗುತ್ತಿದೆಯಾ ಅನ್ನುವುದು ಅದಕ್ಕಿಂತ ಮೊದಲ ಪ್ರಶ್ನೆ. ಬೆರಳನ್ನು ಇಲಿ ತಿನ್ನುತ್ತಿರುವಾಗ ಉಳಿದ ಮೈ ಹಾಯಾಗಿ ನಿದ್ದೆ ಮಾಡುತ್ತಿದ್ದರೆ ಆ ಮೈ ಆರೋಗ್ಯವಾಗಿದೆ ಅಂತ ಯಾರೂ ಹೇಳುವುದಿಲ್ಲ.

ಬ್ರಾಂಡ್‌ಗೆ ಒಮ್ಮೆ ತಾವೇ ಈ ಭಯ ಅನುಭವಿಸುವ ಹಾಗಾಯಿತು. ದೂರದ ಪ್ರಯಾಣ ಮುಗಿಸಿ ಲಂಡನ್ನಿನ ಕೋಣೆಯಲ್ಲಿ ಕಾಲುಚೀಲ ತೆಗೆಯುವಾಗ ಹಿಮ್ಮಡಿಗೆ ಸ್ಪರ್ಶವೇ ಇಲ್ಲ ಅನ್ನಿಸಿತು. ಪಿನ್ನು ಚುಚ್ಚಿದರು. ಗೊತ್ತಾಗಲಿಲ್ಲ. ನನಗೂ ಬಂತು ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ. ಹೆಂಡತಿ ಮಕ್ಕಳ ಗತಿ ಏನು ಅನ್ನುವ ಯೋಚನೆ. ಬೆಳಿಗ್ಗೆ ಎದ್ದು ಅದೇ ಜಾಗಕ್ಕೆ ಮತ್ತೆ ಚುಚ್ಚಿಕೊಂಡರೆ ಚುರ್ ಅಂತ ನೋವಾಯಿತು. ರೈಲಿನಲ್ಲಿ ಒಂದೇ ಭಂಗಿಯಲ್ಲಿ ಕೂತು ಕಾಲು ಜೋಮು ಹಿಡಿದಿತ್ತು, ಅಷ್ಟೇ. ನೋವಿಗಾಗಿ ದೇವರಿಗೆ ಅವತ್ತು ಕೃತಜ್ಞತೆ ಹೇಳಿದರು. ನೋವು ದೇವರ ಕೊಡುಗೆ ಅಂತ ಮುಂದೆ ಜೀವನಪೂರ್ತಿ ಹೇಳುತ್ತಾ ಬಂದರು.

ಈ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ನಮ್ಮಮ್ಮ ಕ್ಯಾನ್ಸರಿನ ಕೊನೆಯ ತಿಂಗಳುಗಳಲ್ಲಿ ಮಾರ್ಫಿನ್ ಮಾತ್ರೆಯ ಹೊತ್ತಿಗೆ ಗಡಿಯಾರ ನೋಡುತ್ತಾ ಮಲಗಿರುತ್ತಿದ್ದರು. ಆ ನೋವು ಯಾವ ಎಚ್ಚರಿಕೆಯೂ ಆಗಿರಲಿಲ್ಲ. ಯಾರನ್ನೂ ಕಾಪಾಡುತ್ತಿರಲಿಲ್ಲ. ನೋಡಲು ಬಂದವರೊಬ್ಬರು, ದೇವರು ಪ್ರೀತಿಸೋರನ್ನೇ ಪರೀಕ್ಷೆ ಮಾಡ್ತಾನೆ ಅಂದರು. ಅಮ್ಮ ಏನೂ ಹೇಳದೆ ಗೋಡೆ ಕಡೆ ತಿರುಗಿ ಮಲಗಿದರು. ಇನ್ನೊಂದು ದಿನ ದೊಡ್ಡಮ್ಮ ಬಂದರು. ಅವರಿಗೆ ಬೈಬಲ್ಲಿನ ವಾಕ್ಯ ಒಂದೂ ಬಾಯಿಗೆ ಬರುವುದಿಲ್ಲ. ಬಂದವರೇ ಅಮ್ಮನನ್ನು ದಿಂಬಿಗೆ ಒರಗಿಸಿ ಕೂರಿಸಿ, ಬೆರಳಿಗೆ ಒಂಚೂರು ಎಣ್ಣೆ ಹಚ್ಚಿಕೊಂಡು, ಗಂಟುಗಂಟಾಗಿದ್ದ ಕೂದಲನ್ನು ಬುಡದಲ್ಲಿ ಹಿಡಿದುಕೊಂಡು, ಎಳೆಯದ ಹಾಗೆ, ತುದಿಯಿಂದ ಬಿಡಿಸುತ್ತಾ ಬಂದರು. ಮಾತು ಜಾಸ್ತಿ ಇಲ್ಲ. ಊರಲ್ಲಿ ಹಲಸು ಬಿಟ್ಟಿದೆ, ನಿಮ್ಮ ಕಡೆಯವರ ಮದುವೆ ಮುಂದಕ್ಕೆ ಹೋಯಿತು, ಅಷ್ಟೇ. ಜಡೆ ಹಾಕಿ ಮುಗಿಸುವಷ್ಟರಲ್ಲಿ ಅಮ್ಮನಿಗೆ ನಿದ್ದೆ ಬಂದಿತ್ತು.

ಬೈಬಲ್ಲಿನಲ್ಲಿ ಎಲ್ಲ ಕಳೆದುಕೊಂಡು ನೊಂದ ಯೋಬನ ಮೂವರು ಗೆಳೆಯರು ಮೊದಲ ವಾರ ತುಂಬ ಚೆನ್ನಾಗಿ ನಡೆದುಕೊಂಡರು. ಏಳು ಹಗಲು ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಕೂತಿದ್ದರು, ಒಂದು ಮಾತೂ ಆಡಲಿಲ್ಲ. ಬಾಯಿ ತೆಗೆದ ಮೇಲೆ ಕೆಟ್ಟಿತು. ನೀನು ಏನೋ ಪಾಪ ಮಾಡಿರಬೇಕು ಅಂತ ಅವನಿಗೆ ವಿವರಿಸಲು ಹೊರಟರು. ಯೊವಾನ್ನನ ಶುಭಸಂದೇಶದಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳುವುದೂ ಅದನ್ನೇ. ಯಾರ ಪಾಪ ಇದು, ಇವನದ್ದಾ, ಇವನ ಅಪ್ಪ ಅಮ್ಮನದ್ದಾ? ಯೇಸು ಎರಡನ್ನೂ ಅಲ್ಲ ಅಂದುಬಿಡುತ್ತಾರೆ. ಕುಷ್ಠರೋಗ ಬಂದವರ ಮನೆಗಳಲ್ಲಿ ಇವತ್ತಿಗೂ ಕೇಳುವ ಪ್ರಶ್ನೆ ಅದು. ಯಾವ ಜನ್ಮದ ಕರ್ಮವೋ, ಯಾರ ಶಾಪವೋ ಅನ್ನುತ್ತಾರೆ. ಅದು ಬ್ಯಾಕ್ಟೀರಿಯಾ. 6 ತಿಂಗಳಿಂದ 12 ತಿಂಗಳ ಮಾತ್ರೆಗೆ ವಾಸಿಯಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುತ್ತಾರೆ. ಹೆಚ್ಚಿನವರ ಮೈಗೆ ಈ ರೋಗವನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ.

ಲೋಕದಲ್ಲಿ ಇಷ್ಟೊಂದು ಸಂಕಟವನ್ನು ದೇವರು ಯಾಕೆ ಬಿಟ್ಟಿದ್ದಾನೆ ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಓದಿದ ಉತ್ತರಗಳು ಯಾವುವೂ ಅಮ್ಮನ ಮಂಚದ ಪಕ್ಕದಲ್ಲಿ ನಿಲ್ಲಲಿಲ್ಲ. ಆದರೂ ನಾನು ವಿಶ್ವಾಸ ಬಿಟ್ಟಿಲ್ಲ. ಯಾಕೆಂದರೆ ನಾನು ನಂಬಿದ ದೇವರು ಆ ಪ್ರಶ್ನೆಗೆ ಉತ್ತರ ಬರೆದು ಕಳಿಸಲಿಲ್ಲ, ತಾನೇ ಬಂದ. ಸತ್ತ ಗೆಳೆಯ ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅವನ ಸಮಾಧಿಗೆ ಹೋಗುವಾಗ ಅತ್ತ. ಮುಂದೆ ಒಳ್ಳೆಯದಾಗುತ್ತದೆ ಅನ್ನುವುದು ಗೊತ್ತಿದ್ದ ಮಾತ್ರಕ್ಕೆ ಈಗಿನ ಅಳುವನ್ನು ಅವನು ಬಿಡಲಿಲ್ಲ. ನನಗೆ ಅಷ್ಟು ಸಾಕು ಅಂತಲ್ಲ. ಆದರೆ ಅದನ್ನು ಹಿಡಿದುಕೊಂಡು ನಡೆಯಬಹುದು.

ಪ್ರತಿ ಭಾನುವಾರದ ಪೂಜೆಯಲ್ಲಿ ವಿಶ್ವಾಸಿಗಳ ಪ್ರಾರ್ಥನೆ ಇರುತ್ತದೆ. ಯುದ್ಧದಲ್ಲಿ ನೊಂದವರಿಗಾಗಿ, ಹಸಿದವರಿಗಾಗಿ, ರೋಗಿಗಳಿಗಾಗಿ. ಒಬ್ಬರು ಓದುತ್ತಾರೆ, ನಾವೆಲ್ಲ ಒಟ್ಟಿಗೆ ಉತ್ತರ ಕೊಡುತ್ತೇವೆ. ನಾಲ್ಕು ಸಾಲಿನಲ್ಲಿ ಇಡೀ ಲೋಕ ಮುಗಿದುಹೋಗುತ್ತದೆ. ಮನೆಗೆ ಬಂದು ಫೋನ್ ತೆಗೆದರೆ ಮತ್ತೆ ಇಡೀ ಲೋಕ. ಸುಡಾನ್, ಗಾಜಾ, ಉಕ್ರೇನ್, ಮಧ್ಯೆ ಒಂದು ಸೀರೆಯ ಜಾಹೀರಾತು. ಮೊದಮೊದಲು ಎದೆ ಝಲ್ ಅನ್ನುತ್ತಿತ್ತು. ಆಮೇಲೆ ಬೆರಳು ತಾನಾಗೇ ಮುಂದಕ್ಕೆ ಸರಿಸುತ್ತದೆ. ಇದು ಕಲ್ಲು ಮನಸ್ಸು ಅಂತ ನಾನು ಹೇಳಲಾರೆ. ಅಷ್ಟೂ ಜನರ ನೋವನ್ನು ಒಬ್ಬ ಮನುಷ್ಯಳ ಎದೆ ಹೊರಲಾರದು. ನರ ತನ್ನನ್ನು ತಾನೇ ಮರಗಟ್ಟಿಸಿಕೊಳ್ಳುತ್ತದೆ. ಹಾಗಾಗಿ ಎಲ್ಲರಿಗಾಗಿ ಇನ್ನೂ ಜಾಸ್ತಿ ಮರುಗಬೇಕು ಅನ್ನುವ ಉಪದೇಶದಿಂದ ಉಪಯೋಗವಿಲ್ಲ. ಸತ್ತ ನರ ಉಪದೇಶಕ್ಕೆ ಏಳುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಪೋಪ್ ಫ್ರಾನ್ಸಿಸ್ ಮಾಡಿದ್ದನ್ನು ನೋಡಿ. ಗಾಜಾದಲ್ಲಿ ಇರುವುದು ಒಂದೇ ಒಂದು ಕಥೋಲಿಕ ಚರ್ಚು, ಹೋಲಿ ಫ್ಯಾಮಿಲಿ. 2023ರ ಅಕ್ಟೋಬರ್‌ನಲ್ಲಿ ಯುದ್ಧ ಶುರುವಾದಾಗ ನೂರಾರು ಜನ ಅದರ ಆವರಣದಲ್ಲಿ ಬಂದು ಸೇರಿಕೊಂಡರು. ಪೋಪ್ ಅಲ್ಲಿಗೆ ಫೋನ್ ಮಾಡೋಕೆ ಶುರುಮಾಡಿದರು. ಸಂಜೆ ಏಳರ ಹೊತ್ತಿಗೆ, ಹೆಚ್ಚುಕಡಿಮೆ ದಿನಾ. ಒಂದೂವರೆ ವರ್ಷ. ಆ ಕರೆಗಳ ಒಂದು ವಿಡಿಯೋ ಹೊರಬಂದಿದೆ. ನೂರು ಕೋಟಿಗೂ ಮೀರಿದ ಕಥೋಲಿಕರ ಗುರು ಅದರಲ್ಲಿ ಕೇಳುವುದು, ಇವತ್ತು ಏನು ಊಟ ಮಾಡಿದಿರಿ ಅಂತ. ಆಸ್ಪತ್ರೆ ಸೇರಿದಾಗಲೂ ಕರೆ ಪೂರ್ತಿ ನಿಲ್ಲಲಿಲ್ಲ. ಕೊನೆಯ ಕರೆ 2025ರ ಏಪ್ರಿಲ್ 19ರ ಶನಿವಾರ. ಸೋಮವಾರ ಬೆಳಿಗ್ಗೆ ತೀರಿಕೊಂಡರು. ಆ ಫೋನಿನಿಂದ ಯುದ್ಧ ನಿಂತಿತಾ? ಇಲ್ಲ. ಅದೇ ವರ್ಷ ಜುಲೈನಲ್ಲಿ ಆ ಚರ್ಚಿಗೇ ಶೆಲ್ ಬಡಿದು ಮೂವರು ಸತ್ತರು. ಆದರೆ ಲೋಕದ ನೋವು ಅನ್ನುವುದಕ್ಕೆ ಆ ಮುದುಕರು ಒಂದು ವಿಳಾಸ ಇಟ್ಟುಕೊಂಡಿದ್ದರು, ಒಂದು ನಂಬರು ಇಟ್ಟುಕೊಂಡಿದ್ದರು. ಹೋಗಲು ಆಗದ ಕಡೆಗೆ ಹೋಗುವ ರೀತಿ ಅದು. ಒಬ್ಬರನ್ನು ಹೀಗೆ ಹತ್ತಿರ ಇಟ್ಟುಕೊಂಡರೆ ಉಳಿದವರ ಸುದ್ದಿಯೂ ಮತ್ತೆ ಚುಚ್ಚಲು ಶುರುವಾಗುತ್ತದೆ. ಇದು ನನ್ನ ಅನುಭವದ ಮಾತು.

ಹತ್ತಿರ ಹೋಗುವುದು ಒಂದೇ ಸಾಲದು ಅನ್ನುವುದನ್ನೂ ವೆಲ್ಲೂರೇ ಕಲಿಸಿತು. ಬ್ರಾಂಡ್ ಮತ್ತು ಅವರ ಜೊತೆಯವರು ಒಳ್ಳೆಯ ಸ್ನಾಯುವಿನ ತಂತುವನ್ನು ಜಾಗ ಬದಲಿಸಿ ಜೋಡಿಸಿ, ಮಡಚಿದ ಬೆರಳುಗಳನ್ನು ಬಿಡಿಸಿದರು. ಹೊಸ ಕೈ ತೆಗೆದುಕೊಂಡು ಹೋದವರಲ್ಲಿ ಕೆಲವರು ಸೋತು ವಾಪಸ್ ಬಂದರು. ಡಾಕ್ಟರ್, ಈ ಕೈ ಭಿಕ್ಷೆಗೆ ಆಗಿಬರುವುದಿಲ್ಲ ಅಂದರು. ನೆಟ್ಟಗಿರುವ ಕೈಗೆ ಯಾರೂ ಕಾಸು ಹಾಕುವುದಿಲ್ಲ. ಕಾಯಿಲೆಯ ಗುರುತು ಮುಖದ ಮೇಲಿರುವುದರಿಂದ ಕೆಲಸವನ್ನೂ ಕೊಡುವುದಿಲ್ಲ, ಬಾಡಿಗೆಗೆ ಮನೆಯನ್ನೂ ಕೊಡುವುದಿಲ್ಲ. ಆಮೇಲೆ ನವಜೀವ ನಿಲಯ ಅಂತ ಮಾಡಿ, ಮರಗೆಲಸ ಕಲಿಸಿ, ಆಟಿಕೆ ಮಾಡಿಸಿ, ಆ ಕೈಗಳಿಗೆ ಕೆಲಸ ಕೊಟ್ಟರು. ಕರುಣೆ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ನಿಂತಿದ್ದರೆ ಏನಾಗುತ್ತಿತ್ತು ಯೋಚಿಸಿ. ಕಾನೂನುಗಳೂ ಹಾಗೇ. 1898ರ ಲೆಪರ್ಸ್ ಕಾಯ್ದೆಯನ್ನು ನಮ್ಮ ದೇಶ ರದ್ದು ಮಾಡಿದ್ದು 2016ರಲ್ಲಿ. ಗಂಡನಿಗೋ ಹೆಂಡತಿಗೋ ಕುಷ್ಠರೋಗ ಬಂದಿದೆ ಅನ್ನುವುದು ವಿಚ್ಛೇದನಕ್ಕೆ ಕಾರಣ ಆಗಬಾರದು ಅಂತ ಸಂಸತ್ತು ತಿದ್ದಿದ್ದು 2019ರಲ್ಲಿ. ರೋಗಕ್ಕೆ ಮದ್ದು ಬಂದು ದಶಕಗಳಾದ ಮೇಲೆ!

ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಓಡಾಡುವವರಿಗೆಲ್ಲ ಸುಮನಹಳ್ಳಿ ಬ್ರಿಡ್ಜ್ ಗೊತ್ತು. ಟ್ರಾಫಿಕ್ಕಿಗೆ ಹೆಸರುವಾಸಿ. ಆ ಹೆಸರು ಬಂದದ್ದು ಕುಷ್ಠರೋಗ ಬಂದವರಿಗಾಗಿ 1970ರ ದಶಕದ ಕೊನೆಯಲ್ಲಿ ಬೆಂಗಳೂರು ಕಥೋಲಿಕ ಮಹಾಧರ್ಮಪ್ರಾಂತ್ಯ ಅಲ್ಲಿ ಶುರುಮಾಡಿದ ಕೇಂದ್ರದಿಂದ ಅಂತ ದಿನಾ ದಾಟುವ ಎಷ್ಟು ಜನರಿಗೆ ಗೊತ್ತು? ರೋಗ ಮುಗಿದುಹೋಯಿತು ಅಂತ ಜನ ಅಂದುಕೊಂಡಿದ್ದಾರೆ. 2005ರ ಡಿಸೆಂಬರ್ ಹೊತ್ತಿಗೆ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ ಅನ್ನುವ ಗುರಿ ಮುಟ್ಟಿದ್ದು ನಿಜ. ಆದರೂ ಜಗತ್ತಿನಲ್ಲಿ ಹೊಸದಾಗಿ ಪತ್ತೆಯಾಗುವವರಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮ ದೇಶದವರೇ, ವರ್ಷಕ್ಕೆ ಒಂದು ಲಕ್ಷದ ಆಸುಪಾಸು.

ನಮ್ಮ ಚರ್ಚಿಗೆ ಬರುವ ಒಬ್ಬ ಅಮ್ಮ ಇದ್ದಾರೆ. ಚಿಕ್ಕ ವಯಸ್ಸಿನಲ್ಲಿ ರೋಗ ಬಂದು, ವಾಸಿಯಾಗಿ, ಈಗ ಎಪ್ಪತ್ತರ ಹತ್ತಿರ. ರೋಗ ಹೋಗಿ ಎಷ್ಟೋ ಕಾಲವಾಯಿತು, ಹೋದ ಸ್ಪರ್ಶ ಮಾತ್ರ ಬರಲಿಲ್ಲ. ಅವರ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಕಾಲು ಇಡುವ ಜಾಗದಲ್ಲಿ ಕಪ್ಪಗೆ ಮೆತ್ತಗಿನ ರಬ್ಬರ್, ಅಡಿಯಲ್ಲಿ ಗಟ್ಟಿ ಅಟ್ಟೆ. ಎಲ್ಲೂ ಮೊಳೆ ಹೊಡೆದಿರುವುದಿಲ್ಲ, ಅಂಟು ಮತ್ತು ಹೊಲಿಗೆ ಮಾತ್ರ. ಹಿಮ್ಮಡಿಯ ಹಿಂದೆ ಒಂದು ಪಟ್ಟಿ. ಪಟ್ಟಿ ಯಾಕಮ್ಮ ಅಂದೆ. "ಇಲ್ದಿದ್ರೆ ದಾರೀಲಿ ಬಿದ್ದೋದ್ರೂ ಗೊತ್ತಾಗಲ್ಲ ಕಣಮ್ಮ, ಬರಿಗಾಲಲ್ಲೇ ಮನೆಗೆ ಬಂದಿರ್ತೀನಿ" ಅಂದರು.

ದಿನಾ ಸಂಜೆ ಅವರಿಗೆ ಒಂದು ಕೆಲಸ ಇದೆ. ಟಬ್ಬಿನಲ್ಲಿ ತಣ್ಣೀರು ಹಾಕಿ ಎರಡೂ ಕಾಲು ಇಪ್ಪತ್ತು ನಿಮಿಷ ನೆನೆಹಾಕುತ್ತಾರೆ. ಬಿಸಿನೀರು ಬೇಡ, ಸುಟ್ಟರೂ ಗೊತ್ತಾಗುವುದಿಲ್ಲ. ಆಮೇಲೆ ಒರಟು ಕಲ್ಲಿನಿಂದ ದಪ್ಪಗಾದ ಚರ್ಮವನ್ನು ಉಜ್ಜುತ್ತಾರೆ. ಒದ್ದೆ ಇರುವಾಗಲೇ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಕೊನೆಗೆ ಪುಟ್ಟ ಕನ್ನಡಿ ಹಿಡಿದು ಅಂಗಾಲನ್ನು ನೋಡಿಕೊಳ್ಳುತ್ತಾರೆ, ಕೆಂಪಾಗಿದೆಯಾ, ಬಿರುಕು ಬಿಟ್ಟಿದೆಯಾ ಅಂತ. ನೋವು ಮಾಡಬೇಕಾದ ಕೆಲಸವನ್ನು ಕಣ್ಣು ಮಾಡುತ್ತಿದೆ. ಸ್ಪರ್ಶ ಇಲ್ಲದಿದ್ದರೂ ಪಾದವನ್ನು ಉಳಿಸಿಕೊಳ್ಳಬಹುದು, ದಿನ ತಪ್ಪದೆ ನೋಡಬೇಕು ಅಷ್ಟೇ. ಸುದ್ದಿ ನೋಡಿ ಮರಗಟ್ಟಿದ ಮನಸ್ಸಿಗೂ ಇಷ್ಟೇ ಮದ್ದು ಇರಬಹುದು ಅಂತ ನನಗೆ ಅನ್ನಿಸಿದ್ದು ಅವರ ಪಕ್ಕ ಕೂತಾಗ. ಒಳಗಿಂದ ಮರುಕ ಉಕ್ಕಿ ಬರಲಿ ಅಂತ ಕಾಯಬೇಕಾಗಿಲ್ಲ. ಹೋಗಿ ನೋಡಬೇಕು. ಮರುಕ ಬಂದಿಲ್ಲದಿದ್ದರೂ ಹೋಗಬೇಕು.

ಯೇಸು ಶಿಷ್ಯರ ಪಾದ ತೊಳೆದ ನೆನಪಿಗೆ ಪವಿತ್ರ ಗುರುವಾರ ನಮ್ಮಲ್ಲಿ ಹನ್ನೆರಡು ಜನರ ಪಾದ ತೊಳೆಯುತ್ತಾರೆ. ಮೊದಲೇ ಹೆಸರು ಕೊಟ್ಟವರು ಮನೆಯಲ್ಲಿ ಚೆನ್ನಾಗಿ ಕಾಲು ತೊಳೆದುಕೊಂಡೇ ಬಂದಿರುತ್ತಾರೆ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಒಂದು ಬಾಲಾಪರಾಧಿಗಳ ಜೈಲಿಗೆ ಹೋಗಿ, ಹುಡುಗಿಯರದ್ದೂ ಮುಸ್ಲಿಮರದ್ದೂ ಸೇರಿಸಿ ಪಾದ ತೊಳೆದು ಮುತ್ತಿಟ್ಟಿದ್ದರು. ಅದು ನೆನಪಾಗಿ, ಈ ಸಲ ನಮ್ಮ ಚರ್ಚಿನ ಈ ಅಮ್ಮನೂ ಆ ಸಾಲಿನಲ್ಲಿ ಕೂರಬೇಕು ಅಂತ ನನಗೆ ಆಸೆ. ಫಾದರ್ ಹತ್ತಿರ ಮಾತಾಡಿದೆ, ಖುಷಿಯಿಂದ ಒಪ್ಪಿದರು. ಅಮ್ಮ ಒಪ್ಪಲಿಲ್ಲ. "ನನ್ನ ಕಾಲು ನಾಲ್ಕು ಜನ ನೋಡೋಕಲ್ಲ ಕಣಮ್ಮ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಿಂಗೆ ಏನಾದ್ರೂ ಮಾಡ್ಬೇಕು ಅಂತ ಇದ್ರೆ ಬ್ಯಾಂಕಿಗೆ ಬಾ" ಅಂದರು.

ಅವರ ಅಂಗವಿಕಲರ ಪಿಂಚಣಿ ಕೆಲವು ತಿಂಗಳಿಂದ ಬಂದಿಲ್ಲ. ಆಧಾರ್ ಹೊಂದಿಕೆ ಆಗುತ್ತಿಲ್ಲವಂತೆ. ಬೆರಳ ತುದಿ ಸವೆದಿದೆ, ಮಿಷನ್ನಿಗೆ ಗೆರೆ ಸಿಗುವುದಿಲ್ಲ. ರೆಪ್ಪೆ ಪೂರ್ತಿ ಮುಚ್ಚದೆ ಕಣ್ಣಿಗೂ ಪೆಟ್ಟಾಗಿರುವುದರಿಂದ ಕಣ್ಣಿನ ಗುರುತು ಕೊಡುವ ದಾರಿಯೂ ಸರಿಹೋಗಿಲ್ಲ. ಬೆರಳಚ್ಚು ಕೊಡಲಾಗದವರಿಗೆ ವಿನಾಯಿತಿ ಇದೆ ಅಂತ ನಿಯಮದಲ್ಲೇ ಇದೆ. ಅದನ್ನು ಕೌಂಟರಿನಲ್ಲಿ ನಿಂತು ಸಮಾಧಾನವಾಗಿ, ಎರಡು ಮೂರು ಸಲ ಹೇಳುವವರು ಬೇಕು. ಮಂಗಳವಾರ ಇಬ್ಬರೂ ಹೋಗುತ್ತಿದ್ದೇವೆ. ಡಿಸೆಬಿಲಿಟಿ ಸರ್ಟಿಫಿಕೇಟು, ಪಾಸ್‌ಬುಕ್ಕು, ಹಳೇ ಪಿಂಚಣಿ ಆದೇಶದ ಜೆರಾಕ್ಸ್, ಎಲ್ಲ ಒಂದು ಕವರಿನಲ್ಲಿ ಹಾಕಿಟ್ಟಿದ್ದೇನೆ. ಅಮ್ಮ ಒಂದೇ ಒಂದು ಷರತ್ತು ಹಾಕಿದ್ದಾರೆ. ಹೆಸರು ಕೂಗಿದಾಗ ನಾನು ಮುಂದೆ ಹೋಗಿ ಮಾತಾಡಬಾರದಂತೆ, ಅವರೇ ಮಾತಾಡುತ್ತಾರಂತೆ, ನಾನು ಪಕ್ಕದಲ್ಲಿ ನಿಂತಿರಬೇಕಂತೆ.